ಎರಡು ನೀರು ಕೂಡಿದಾಗ

ಪ್ರಶ್ನೆ: ನಮ್ಮ ಲಾರಿ ಆಂಧ್ರದ ಮಂಗಂಪೇಟೆಯಿಂದ ಬೈರೈಟೀಸ್ ಲೋಡ್ ತರುತ್ತದೆ. ಬಾಡಿ ಅರ್ಧ ತುಂಬುವಷ್ಟರಲ್ಲಿ ಕಾಟಾದಲ್ಲಿ ತೂಕ ಮುಗಿದಿರುತ್ತದೆ! ಕರಿ ಪದರಗಲ್ಲಿನ ನಡುವೆ ಇಷ್ಟು ಭಾರದ ಕಲ್ಲು ಹೇಗೆ ಬಂತು ಸರ್? ಲಾವಾ ಹರಿದಿದ್ದೋ, ಬೋರ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಕಟ್ಟುತ್ತದಲ್ಲ, ಹಾಗೋ? ಸುಣ್ಣಕಲ್ಲು ಬೆರೆಸಿದ್ದರೆ ತಿಳಿಯುವುದು ಹೇಗೆ?
– ಲಾರಿ ಮಾಲೀಕರೊಬ್ಬರು, ಬಳ್ಳಾರಿ

ಉತ್ತರ: ಗೀಸರ್ ಮಾತು ಅರ್ಧ ಸರಿ, ಇದು ನೀರಿನದೇ ಕೆಲಸ. ಆದರೆ ಕಾಯಿಲ್ ಮೇಲೆ ಸುಣ್ಣ ಕೂರುವುದು ನೀರು ಕಾದಾಗ. ಬರೈಟ್ (ನೀವು ಬೈರೈಟೀಸ್ ಎನ್ನುವುದು ಇದನ್ನೇ) ಕೂರುವುದು ಎರಡು ಬೇರೆ ಬೇರೆ ನೀರು ಕೂಡಿದಾಗ. ಅದು ಬೇರಿಯಂ ಸಲ್ಫೇಟ್, ಅಂದರೆ ಬೇರಿಯಂ ಎಂಬ ಲೋಹವೂ ಗಂಧಕ-ಆಮ್ಲಜನಕದ ಸಲ್ಫೇಟೂ ಕೂಡಿದ್ದು. ಲೀಟರ್ ನೀರಿಗೆ ಎರಡು-ಮೂರು ಮಿಲಿಗ್ರಾಂ ಕರಗಿದರೆ ಹೆಚ್ಚು. ಹಾಗಾಗಿ ಬೇರಿಯಂ, ಸಲ್ಫೇಟ್ ಎರಡೂ ಒಂದೇ ನೀರಿನಲ್ಲಿ ಹೆಚ್ಚು ದೂರ ಸಾಗಲಾರವು.

ನಮ್ಮ ಕೋಟೆ ಗುಡ್ಡದಂಥ ಗ್ರಾನೈಟಿನ ಫೆಲ್ಡ್‌ಸ್ಪಾರ್ ಎಂಬ ಖನಿಜದಲ್ಲಿ ಪೊಟ್ಯಾಸಿಯಂ ಇರಬೇಕಾದ ಜಾಗದಲ್ಲಿ ಅಷ್ಟಿಷ್ಟು ಬೇರಿಯಂ ಕೂತಿರುತ್ತದೆ. ಅಂಥ ಬಂಡೆ ಸವೆದ ಮರಳು, ಕೆಸರು ಕಡಲ ತಳದಲ್ಲಿ ಕಿಲೋಮೀಟರುಗಟ್ಟಲೆ ದಪ್ಪಕ್ಕೆ ಶೇಖರವಾಗುತ್ತದೆ. ಆಳಕ್ಕಿಳಿದಂತೆ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಶಾಖ ಏರುತ್ತದೆ. ಐದಾರು ಕಿಲೋಮೀಟರ್ ಕೆಳಗೆ ಸಿಕ್ಕಿಕೊಂಡ ಉಪ್ಪುನೀರು 150 ಡಿಗ್ರಿ ಮುಟ್ಟಿದರೂ ಒತ್ತಡಕ್ಕೆ ಕುದಿಯದೆ, ಕಲ್ಲಿನಿಂದ ಬೇರಿಯಂ ಎಳೆದುಕೊಳ್ಳುತ್ತದೆ. (ಪಾಠ ಮಾಡುವಾಗ ಹುಡುಗರು ತೂಕಡಿಸಲು ಶುರುಮಾಡುತ್ತಿದ್ದುದು ಇಲ್ಲಿಯೇ. ಮುಖ್ಯ ಸಂಗತಿ ಇರುವುದೂ ಇಲ್ಲಿಯೇ.) ಆ ನೀರಿನಲ್ಲಿದ್ದ ಸಲ್ಫೇಟನ್ನು ಕೆಸರಿನ ಸಾವಯವ ಇಂಗಾಲ ಮೊದಲೇ ಸಲ್ಫೈಡ್ (ಆಮ್ಲಜನಕ ಕಳೆದುಕೊಂಡ ಗಂಧಕ) ಮಾಡಿ ಮುಗಿಸಿರುತ್ತದೆ. ಇಲ್ಲದಿದ್ದರೆ ಬೇರಿಯಂ ಹೊರಟ ಜಾಗದಲ್ಲೇ ಕಲ್ಲಾಗುತ್ತಿತ್ತು.

ಬಿರುಕು ಹಿಡಿದು ಮೇಲೆದ್ದ ಬಿಸಿನೀರು ಕಡಲ ತಳದಲ್ಲಿ ಉಕ್ಕುತ್ತದೆ. ಇಂದಿನ ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇದೆ. ಕೂಡಿದ್ದೇ ತಡ, ಬರೈಟ್ ಹರಳುಗಟ್ಟಿ ಕೆಸರಿನ ಮೇಲೆ ಪದರವಾಗುತ್ತದೆ. ದಾರಿಯಲ್ಲೇ, ಬಿರುಕಿನೊಳಗೇ ಸಲ್ಫೇಟ್ ನೀರು ಎದುರಾದರೆ ಬಿಳಿ ಎಳೆಯಾಗಿ ಕೂರುತ್ತದೆ. ಮಂಗಂಪೇಟೆಯದು ಪದರದ ಜಾತಿ. ಅಲ್ಲಿನ ಪದರಗಳಲ್ಲಿ ಜ್ವಾಲಾಮುಖಿ ಬೂದಿಯೂ ಇರುವುದರಿಂದ ನಿಮ್ಮ ಲಾವಾ ಊಹೆಯನ್ನು ಪೂರ್ತಿ ತಳ್ಳಿಹಾಕಲಾರೆ.

ಇದು ಈಗಲೂ ನಡೆಯುತ್ತದೆ. ಉತ್ತರ ಸಮುದ್ರದ ತೈಲಬಾವಿಗಳಿಗೆ ಒತ್ತಡ ಕೊಡಲು ಕಡಲ ನೀರು ತಳ್ಳಿದಾಗ, ಅದು ಆಳದ ಬೇರಿಯಂ ನೀರಿಗೆ ಬೆರೆತು ಪೈಪಿನೊಳಗೆ ಬರೈಟ್ ಕಟ್ಟುತ್ತದೆ. ಅದೇ ಬಾವಿ ಕೊರೆಯಲು ಬೇಕಾದ ಭಾರದ ಕೆಸರಿಗೂ ಹಾಕುವುದು ಬರೈಟ್ ಪುಡಿಯನ್ನೇ!

ಕಲಬೆರಕೆ ಪರೀಕ್ಷೆ ಸುಲಭ. ಬಾತ್‌ರೂಮ್ ತೊಳೆಯುವ ಆಸಿಡ್ಡನ್ನು ನೀರಿಗೆ ಬೆರೆಸಿ ಒಂದು ಹನಿ ಬಿಡಿ, ಕೈಗೆ ತಾಗದಂತೆ. ಸುಣ್ಣಕಲ್ಲಾದರೆ ಬುರುಗುತ್ತದೆ, ಬರೈಟ್ ಸುಮ್ಮನಿರುತ್ತದೆ. ತೂಕವೂ ಹೇಳುತ್ತದೆ: ಬರೈಟ್ ನೀರಿಗಿಂತ ನಾಲ್ಕೂವರೆ ಪಟ್ಟು ಭಾರ, ಸುಣ್ಣಕಲ್ಲು 2.7 ಪಟ್ಟು.