ಯಾರೂ ಒಪ್ಪಿಕೊಳ್ಳದ ತಾರೀಖುಗಳು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಿ ಬಂದವರು ನಲವತ್ತರ ಆಸುಪಾಸಿನ ಮಹಿಳೆ. ಏಳು ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಪೋರ್ಟ್‌ಫೋಲಿಯೊ ಅವರ ಜವಾಬ್ದಾರಿ. ನಡುರಾತ್ರಿ ಎಚ್ಚರ, ಸಭೆಗೆ ಮುಂಚೆ ಎದೆಬಡಿತ, ಕಿರಿಯರ ಮೇಲೆ ರೇಗಾಟ. "ಎಲ್ಲರೂ ಹಸಿರು, ಅಂದ್ರೆ ಎಲ್ಲ ಸರಿಯಿದೆ ಅಂತಲೇ ವರದಿ ಕೊಡ್ತಾರೆ, ಕೊನೇ ವಾರದಲ್ಲಿ ಎರಡೆರಡು ಪ್ರಾಜೆಕ್ಟು ಒಟ್ಟಿಗೆ ಕೆಂಪಾಗುತ್ತೆ. ಬೈಸಿಕೊಳ್ಳೋದು ನಾನು." ನಿದ್ರೆಯ ವಿಷಯಕ್ಕೆ ಮೊದಲು ವೈದ್ಯರನ್ನು ಕಾಣಲು ಹೇಳಿದ್ದಾಯಿತು. ಆದರೆ ಮೂಲ ಇದ್ದದ್ದು ಅವರು ತಂದಿದ್ದ ಅವಲಂಬನೆಗಳ ಪಟ್ಟಿಯಲ್ಲಿ, ಅಂದರೆ ಒಂದು ತಂಡದ ಕೆಲಸಕ್ಕೆ ಇನ್ನೊಂದು ತಂಡದಿಂದ ಏನು ಯಾವಾಗ ಬರಬೇಕು ಎಂಬ ಪಟ್ಟಿಯಲ್ಲಿ.

ಅರವತ್ತಕ್ಕೂ ಹೆಚ್ಚು ಸಾಲುಗಳಿದ್ದವು. ಒಂದನ್ನು ಬಿಡಿಸಿ ನೋಡಿದೆವು: "ಗ್ರಾಹಕರ ಡೇಟಾ ರೆಡಿ, 15ನೇ ತಾರೀಖು." ಕೊಡುವ ತಂಡಕ್ಕೆ ರೆಡಿ ಎಂದರೆ ಫೈಲ್ ಹೊರತೆಗೆದದ್ದು. ಪಡೆಯುವ ತಂಡಕ್ಕೆ, ಎರಡೆರಡು ಸಲ ಬಂದ ದಾಖಲೆಗಳನ್ನು ತೆಗೆದು, ಟೆಸ್ಟ್ ಸರ್ವರ್‌ಗೆ ಹಾಕಿ, ಒಮ್ಮೆ ಓಡಿಸಿ ತೋರಿಸಿದ್ದು. ನಡುವಿನ ಎರಡು ವಾರದ ಕೆಲಸ ಯಾರ ಯೋಜನೆಯಲ್ಲೂ ಇರಲಿಲ್ಲ. ಆ 15 ಬಂದದ್ದಾದರೂ ಎಲ್ಲಿಂದ? ಪಡೆಯುವವರ ಚಾರ್ಟಿನಿಂದ ಈ ಮಹಿಳೆಯೇ ಇಳಿಸಿಕೊಂಡದ್ದು. ಕೊಡುವವರು ಹೂಂ ಅಂದೇ ಇರಲಿಲ್ಲ. ಈ ಮಹಿಳೆಯ ಆತಂಕ ಸುಮ್ಮನೆ ಹುಟ್ಟಿದ್ದಲ್ಲ. ಬೇರೆಯವರು ಕೊಡದ ಮಾತನ್ನು ಅವರು ಹೊತ್ತು ತಿರುಗುತ್ತಿದ್ದರು.

ಕೊಟ್ಟ ಸಲಹೆ ಇಷ್ಟು. ಒಂದೇ ಪ್ರಾಜೆಕ್ಟಿನ ಒಳಗಿನ ಸಾಲುಗಳನ್ನು ಅದರ ಮ್ಯಾನೇಜರ್‌ಗೆ ಹಿಂತಿರುಗಿಸಿ. ಗಡಿ ದಾಟುವವು ಮಾತ್ರ ನಿಮ್ಮವು. ಪ್ರತಿ ಸಾಲಿಗೂ ಕೊಡುವವರು ಒಬ್ಬರು, ಪಡೆಯುವವರು ಒಬ್ಬರು. ತಂಡದ ಹೆಸರು ಬರೆದರೆ ಫೋನ್ ಎತ್ತುವವರಿರುವುದಿಲ್ಲ. ಏನು ಕೈಗೆ ಬಂದರೆ "ಬಂತು" ಎಂದರ್ಥ ಎಂಬುದನ್ನು ಪಡೆಯುವವರೇ ಒಂದು ವಾಕ್ಯದಲ್ಲಿ ಬರೆಯಲಿ. ತಾರೀಖು ಎರಡಿರಲಿ: ಬೇಕಾದದ್ದು, ಒಪ್ಪಿಕೊಂಡದ್ದು. ಎರಡನೆಯದನ್ನು ಕೊಡುವವರೇ ತುಂಬಬೇಕು. ಖಾಲಿ ಉಳಿದರೆ ಖಾಲಿಯೇ ಇರಲಿ, ವರದಿಯಲ್ಲಿ ಹಾಗೇ ತೋರಿಸಿ.

ಒಬ್ಬ ಡೇಟಾಬೇಸ್ ತಜ್ಞರನ್ನು ಮೂರು ಪ್ರಾಜೆಕ್ಟುಗಳು ಒಂದೇ ತಿಂಗಳಿಗೆ ಹಿಡಿದಿಟ್ಟಿದ್ದವು. ಇಂಥದ್ದು ಯಾವ ಕೆಲಸ ಯಾವುದಕ್ಕೆ ಬೇಕೆಂದು ತೋರಿಸುವ ಬಾಣದ ಗುರುತಿನ ಚಿತ್ರದಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಒಂದರಿಂದ ಇನ್ನೊಂದಕ್ಕೆ ಏನೂ ಸಾಗುವುದಿಲ್ಲ. ಅದಕ್ಕೆ ವ್ಯಕ್ತಿ ಮತ್ತು ವಾರದ ಪ್ರತ್ಯೇಕ ಹಾಳೆ ಬೇಕು. ಯಾರಿಗೆ ಮೊದಲು ಎಂಬ ತೀರ್ಮಾನ ಹಣ ಕೊಡುವ ಮೇಲಿನವರದ್ದು.

ಒಂದು ಲೆಕ್ಕವನ್ನೂ ತೋರಿಸಿದೆವು. ಮೂರು ಕಡೆಯಿಂದ ಬರಬೇಕಾದದ್ದು, ಒಂದರ ಮೇಲೊಂದು ಆತುಕೊಳ್ಳದೆ, ತಲಾ 80% ಸಮಯಕ್ಕೆ ಬರುವ ಸಾಧ್ಯತೆ ಇದ್ದರೂ ಮೂರೂ ಒಟ್ಟಿಗೆ ಬರುವುದು ಸುಮಾರು 51%. ಹಾಗಾಗಿ ಬಿಡುವಿನ ದಿನಗಳನ್ನು ಪ್ರತಿ ಕೆಲಸಕ್ಕೂ ಚೂರು ಚೂರು ಹಂಚದೆ, ಅವು ಕೂಡುವ ಜಾಗದ ಮುಂದೆ ಇಡಬೇಕು. ನಿಜವಾದ ಡೇಟಾ ತಡವಾದರೆ ಮಾದರಿ ಡೇಟಾದಲ್ಲಿ ಟೆಸ್ಟಿಂಗ್ ಶುರುವಾಗಲಿ.

ವಾರಕ್ಕೆ ಅರ್ಧ ಗಂಟೆ ಸಭೆ, ಮುಂದಿನ ಆರು ವಾರದ ಸಾಲುಗಳಷ್ಟೇ. ಪ್ರಶ್ನೆ ಒಂದೇ: "ಒಪ್ಪಿದ ತಾರೀಖು ಈಗಲೂ ನಿಲ್ಲುತ್ತಾ?" ಇಲ್ಲವೆಂದರೆ ಇಬ್ಬರೂ ಎರಡು ದಿನದಲ್ಲಿ ಬಗೆಹರಿಸಿಕೊಳ್ಳಲಿ, ಆಗದಿದ್ದರೆ ಎರಡು ಆಯ್ಕೆಗಳೊಂದಿಗೆ ಮೇಲಕ್ಕೆ.

ಈ ಕೊನೆಯದು ಚಾಡಿ ಹೇಳಿದಂತೆ ಎಂದು ಅವರಿಗನ್ನಿಸಿತ್ತು. ಎರಡನೇ ಭೇಟಿಯ ಹೊತ್ತಿಗೆ ಪಟ್ಟಿ ಇಪ್ಪತ್ತಕ್ಕಿಳಿದು, ಎಂಟು ತಾರೀಖು ಖಾಲಿ ಇದ್ದವು. ಅವನ್ನು ಮೇಲಿನವರ ಮುಂದಿಡುವ ಮಾತನ್ನು ಜೋರಾಗಿ ಆಡಿ ಅಭ್ಯಾಸ ಮಾಡಿದರು. ಹಿಂಜರಿಕೆ ಇನ್ನೂ ಇದೆ. ಮುಂದಿನ ಭೇಟಿ ಅದಕ್ಕೇ ಮೀಸಲು.