ಮೂರು ಚೀಟಿ, ಒಂದು ಕಾಲು

ಬದಿಯಡ್ಕದ ಸಮೀಪದ ಓದುಗರೊಬ್ಬರ ಪತ್ರ: "ಅಮ್ಮನ ಎಡಗಾಲಿಗೆ ಆನೆಕಾಲು ರೋಗದ ಬಾವು. ಹನ್ನೊಂದು ವರ್ಷವಾಯಿತು. ಮಂಗಳೂರಿನ ಚರ್ಮವೈದ್ಯರು ಎಣ್ಣೆ ಮುಟ್ಟಿಸಬೇಡಿ ಎಂದರು. ಊರಿನ ಆಯುರ್ವೇದ ಪಂಡಿತರು ಎಣ್ಣೆ ತಿಕ್ಕದೆ ಬಾವು ಇಳಿಯದು ಎಂದರು. ಮೂಳೆ ಡಾಕ್ಟರು ಮಂಡಿನೋವಿಗೆ ಬೇರೆಯೇ ಮಾತ್ರೆ ಬರೆದರು. ನೀವು ಬರೆಯುವ ವೈದ್ಯಪದ್ಧತಿಗಳ ಸಮನ್ವಯ ಭಾಷಣಕ್ಕೆ ಮಾತ್ರವೇ?"

ಮಾನ್ಯರೇ,

ನಿಮ್ಮ ಸಿಟ್ಟು ನ್ಯಾಯವಾದುದೇ. ಆದರೆ ಎಣ್ಣೆಯ ವಿಷಯದಲ್ಲಿ ಇಬ್ಬರೂ ಸರಿ ಇರಬಹುದು. ಬೆರಳ ಸಂದಿ ಬಿರಿದು ನೀರು ಜಿನುಗುವಾಗ ಎಣ್ಣೆ ಬೇಡ, ಅದು ಮಾಗಿದ ಮೇಲೆ ತಿಕ್ಕಬಹುದು. ಒಬ್ಬರು ಹೇಳಿದ್ದು ಯಾವಾಗಿನ ಮಾತು ಎಂದು ಇನ್ನೊಬ್ಬರು ವಿಚಾರಿಸಲಿಲ್ಲ, ಅಷ್ಟೆ.

ವಿಚಾರಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕಾಸರಗೋಡಿನಲ್ಲೇ ಚರ್ಮತಜ್ಞ ಡಾ. ಎಸ್. ಆರ್. ನರಹರಿಯವರ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆನೆಕಾಲಿಗೆ ಆಧುನಿಕ ವೈದ್ಯ, ಆಯುರ್ವೇದ, ಯೋಗ ಮೂರನ್ನೂ ಕೂಡಿಸಿ ಚಿಕಿತ್ಸಾಕ್ರಮ ರೂಪಿಸಿದೆ. (ಜಾಹೀರಾತಲ್ಲ, ಎದುರಿಗಿರುವ ಉದಾಹರಣೆಯನ್ನು ಬಿಟ್ಟು ಬೇರೆಲ್ಲೋ ಹುಡುಕುವುದೇಕೆ?) ಅಲ್ಲಿ ಕೆಲಸ ಶುರುವಾಗುವುದು ಸೋಪು, ನೀರಿನಿಂದ. ಕಾಲು ತೊಳೆದು, ಬೆರಳುಗಳನ್ನು ಒಂದೊಂದಾಗಿ ಅಗಲಿಸಿ, ಸಂದಿಯ ತೇವ ಒರೆಸಬೇಕು. ನಮ್ಮ ಆಟಿ ತಿಂಗಳ ಮಳೆಯಲ್ಲಿ ತೋಟದಿಂದ ಬಂದವರ ಬೆರಳ ಸಂದಿ ಬೆಳ್ಳಗೆ ಕೊಳೆತಿರುತ್ತದಲ್ಲ, ರೋಗಾಣು ಒಳಹೋಗುವ ಬಾಗಿಲೇ ಅದು. ಚಳಿಜ್ವರ ಬಂದು ಹೋದಾಗಲೆಲ್ಲ ಕಾಲು ಇನ್ನಷ್ಟು ದಪ್ಪವಾಗುವುದು ಅದರಿಂದಲೇ. ಆ ಹುಣ್ಣಿಗೆ ಆಧುನಿಕ ಔಷಧಿ. ಆಮೇಲೆ ಗಿಡಮೂಲಿಕೆಯ ನೀರಿನಲ್ಲಿ ಕಾಲು ನೆನೆಸುವುದು, ಉಸಿರಾಟ, ಆಸನ, ದುಗ್ಧರಸ (ಕಾಲಲ್ಲಿ ಕಟ್ಟಿಕೊಂಡು ಬಾವು ತರುವ ದ್ರವ) ಹರಿಯುವ ದಿಕ್ಕು ನೋಡಿ ತಿಕ್ಕುವ ಎಣ್ಣೆ, ಕೊನೆಗೆ ಬಿಗಿಪಟ್ಟಿ. ಎಣ್ಣೆ ಆಯುರ್ವೇದದ್ದು, ದಿಕ್ಕಿನ ಲೆಕ್ಕ ಶರೀರಶಾಸ್ತ್ರದ್ದು. ಯಾರೂ ತಮ್ಮ ಶಾಸ್ತ್ರ ಬಿಡಲಿಲ್ಲ, ಸರದಿ ಒಪ್ಪಿಕೊಂಡರು.

ಹಾಗೆಂದು ಮೂವರ ಔಷಧಿಯನ್ನೂ ಒಟ್ಟಿಗೆ ನುಂಗುವುದು ಸಮನ್ವಯವಲ್ಲ, ಅಪಾಯ. ಚೂರ್ಣ ತಿನ್ನುವುದನ್ನು ಡಾಕ್ಟರರಿಂದ ಮುಚ್ಚಿಡುವ ಅಭ್ಯಾಸ ನಮ್ಮ ಮನೆಗಳಲ್ಲೂ ಇದೆ. "ಬೈಯುತ್ತಾರೆ" ಎಂಬ ಭಯ! ಬೈಯಲಿ.

ವೈದ್ಯರು ವೈದ್ಯರೊಡನೆ ಮಾತಾಡಿದರೆ ಮಾತ್ರ ಸಾಕಾಗದು ಎಂಬುದನ್ನೂ ಈ ಜಿಲ್ಲೆ ಕಂಡಿದೆ. ಪಡ್ರೆ ಗ್ರಾಮದಲ್ಲಿ ಒಂದೇ ಬಗೆಯ ಕಾಯಿಲೆಗಳು ಗುಂಪುಗೂಡಿದ್ದನ್ನು ಗಮನಿಸಿದವರು ವಾಣಿನಗರದ ಡಾ. ಮೋಹನ ಕುಮಾರ್. ಅದನ್ನು ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಸುರಿಯುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್‌ವರೆಗೆ ಒಯ್ಯಲು ಕೃಷಿ ಪತ್ರಕರ್ತ ಶ್ರೀಪಡ್ರೆ ಬೇಕಾದರು, ನ್ಯಾಯಾಲಯಕ್ಕೆ ಹೋದ ಕೃಷಿ ಇಲಾಖೆಯ ಲೀಲಾಕುಮಾರಿ ಅಮ್ಮ ಬೇಕಾದರು, ರಕ್ತ, ನೀರು ಪರೀಕ್ಷಿಸುವ ಪ್ರಯೋಗಾಲಯ ಬೇಕಾಯಿತು. ಸುಪ್ರೀಂ ಕೋರ್ಟಿನ ನಿಷೇಧ ಬಂದಾಗ 2011.

ನಿಮಗೆ ಸದ್ಯ ಬೇಕಿರುವುದು ಒಂದು ಇನ್ನೂರು ಪುಟದ ನೋಟುಪುಸ್ತಕ. ಯಾವ ವೈದ್ಯರ ಬಳಿ ಹೋದರೂ ಅದರಲ್ಲೇ ಬರೆಸಿ, ಹಿಂದಿನವರು ಬರೆದದ್ದನ್ನು ಮೊದಲು ಓದಿಸಿ. ಮಲಯಾಳದಲ್ಲಿದ್ದರೆ ಆಶಾ ಕಾರ್ಯಕರ್ತೆಯಿಂದ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಸಿಕೊಳ್ಳಿ.

ಇನ್ನೊಂದು ಮಾತು. ನೀವು ಕಳುಹಿಸಿದ ಚೀಟಿಗಳ ನಕಲನ್ನು ನಮ್ಮ ಕಚೇರಿಯ ಕೆಳಗಿನ ಔಷಧಿ ಅಂಗಡಿಯವರಿಗೆ ತೋರಿಸಿದೆ. ಚರ್ಮವೈದ್ಯರು ಮತ್ತು ಮೂಳೆ ಡಾಕ್ಟರು ಬರೆದ ನೋವಿನ ಮಾತ್ರೆ ಒಂದೇ, ಕಂಪೆನಿ ಹೆಸರು ಮಾತ್ರ ಬೇರೆ ಎಂದರು. ಅಮ್ಮ ಎರಡನ್ನೂ ತೆಗೆದುಕೊಳ್ಳುತ್ತಿದ್ದರೆ ಇವತ್ತೇ ಡಾಕ್ಟರರಿಗೆ ಫೋನ್ ಮಾಡಿ.

- ಸಂ.