ಓದುಗರ ಪ್ರಶ್ನೆ: ಶಾಲೆಯ ತಾರಸಿಯಲ್ಲಿ ಕ್ಯೂಬ್‌ಸ್ಯಾಟ್ ಸದ್ದು

ಪ್ರಶ್ನೆ: ಬೆಂಗಳೂರು, ಹೈದರಾಬಾದಿನ ವಿದ್ಯಾರ್ಥಿಗಳು ಕಟ್ಟಿದ ಕ್ಯೂಬ್‌ಸ್ಯಾಟ್ ಮಾದರಿಯ (ಪುಟ್ಟ ಪೆಟ್ಟಿಗೆಯಂಥ) ಉಪಗ್ರಹ ಸ್ಟಡ್‌ಸ್ಯಾಟ್ 2010ರಲ್ಲಿ ಹಾರಿತೆಂದಾಗ ಮಕ್ಕಳು, ‘ಅದರ ಸದ್ದು ನಮಗೂ ಕೇಳುತ್ತಾ ಸರ್?’ ಎಂದರು. ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಲ್ಯಾಪ್‌ಟಾಪಿಗೆ ಸಿಕ್ಕಿಸುವ ರೇಡಿಯೊ ಗ್ರಾಹಕ) ತರಿಸಿ, ಜೊತೆಗೆ ಬಂದ ಪುಟ್ಟ ಆಂಟೆನಾವನ್ನು ಕಿಟಕಿಯಲ್ಲಿಟ್ಟೆವು. ಬರೀ ಗೊರಗೊರ. ಎಲ್ಲಿ ತಪ್ಪಿದೆವು?
– ವಿಜ್ಞಾನ ಶಿಕ್ಷಕರು, ಚಿಂತಾಮಣಿ

ಉತ್ತರ: ಸ್ಟಡ್‌ಸ್ಯಾಟ್ ಆಸೆ ಬಿಡಿ. ಒಂದು ಕಿಲೋ ತೂಕವೂ ಇರದ ಅದನ್ನು ಕಟ್ಟಿದ್ದೇ ಆರು ತಿಂಗಳ ಬಾಳಿಕೆಗೆ. ಹವ್ಯಾಸಿಗಳು ತಾವು ಹಿಡಿದ ಉಪಗ್ರಹ ಸಿಗ್ನಲ್‌ಗಳನ್ನು ಹಂಚಿಕೊಳ್ಳುವ ಸ್ಯಾಟ್‌ನಾಗ್ಸ್ ಜಾಲತಾಣದಲ್ಲಿ ಈ ವಾರ ಯಾರಿಗಾದರೂ ಕೇಳಿಸಿರುವ, 435ರಿಂದ 438 ಮೆಗಾಹರ್ಟ್ಸ್ ನಡುವಿನ ಉಪಗ್ರಹ ಹುಡುಕಿ.

ಕಿಟಕಿಯ ಆಂಟೆನಾ ಸಾಲದು. ಪಿವಿಸಿ ಪೈಪಿನ ಮೇಲೆ ಉಕ್ಕಿನ ಅಳತೆ ಟೇಪಿನ ಮೂರು ತುಂಡು ಕೂರಿಸಿ: ಹಿಂದೆ 34 ಸೆಂ.ಮೀ., ಮುಂದೆ 31, ನಡುವೆ 32.5. ಒಂದರಿಂದೊಂದಕ್ಕೆ ಸುಮಾರು 14 ಸೆಂ.ಮೀ. ಅಂತರ. ನಡುವಿನ ತುಂಡನ್ನು ಮಧ್ಯಕ್ಕೆ ಕತ್ತರಿಸಿ, ಎರಡು ತುದಿಗಳಿಗೆ ಕೇಬಲ್ಲಿನ ಒಳತಂತಿ, ಹೊರಜಾಲರಿ ಬೆಸುಗೆ ಹಾಕಿ. ಟೇಪಿನ ಬಣ್ಣ ಪೂರ್ತಿ ಕೆರೆಯದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಹಿಡಿದಂತೆ ಕಂಡು ತಾರಸಿಯಲ್ಲಿ ಕಳಚಿಕೊಳ್ಳುತ್ತದೆ. ಕೇಬಲ್ ಎರಡು ಮೀಟರ್ ಸಾಕು, ಲ್ಯಾಪ್‌ಟಾಪನ್ನೇ ಮೇಲಕ್ಕೆ ಒಯ್ಯಿರಿ. ಹತ್ತು ಮೀಟರ್ ಆರ್‌ಜಿ-58 (ತೆಳು ಆಂಟೆನಾ ಕೇಬಲ್) ಎಳೆದರೆ ಅರ್ಧಕ್ಕಿಂತ ಹೆಚ್ಚು ಸಿಗ್ನಲ್ ಕೇಬಲ್ಲಿನಲ್ಲೇ ಸೋರಿಹೋಗುತ್ತದೆ.

ಉಪಗ್ರಹ ಯಾವಾಗ, ಎಲ್ಲಿ ಹಾಯುತ್ತದೆಂದು ಹೇಳುವ ಜಿಪ್ರೆಡಿಕ್ಟ್ ತಂತ್ರಾಂಶದಲ್ಲಿ ಅಂದಿನ ಕಕ್ಷಾ ದತ್ತಾಂಶ ಹಾಕಿಕೊಳ್ಳಿ. ಹಳೆಯದಾದರೆ ಹೇಳಿದ ಹೊತ್ತಿಗೆ ಉಪಗ್ರಹ ಬರುವುದಿಲ್ಲ. ದಿಗಂತದಿಂದ 40 ಡಿಗ್ರಿಗಿಂತ ಮೇಲೇರುವ ಹಾದಿಯನ್ನೇ ಆರಿಸಿ. 500 ಕಿ.ಮೀ. ಎತ್ತರದ ಉಪಗ್ರಹ ದಿಗಂತದಲ್ಲಿರುವಾಗ ಸುಮಾರು 2,500 ಕಿ.ಮೀ. ದೂರ, ಅಂದರೆ ನೆತ್ತಿಯ ಮೇಲಿದ್ದಾಗಿನದಕ್ಕಿಂತ ಸಿಗ್ನಲ್ 25 ಪಟ್ಟು ಕ್ಷೀಣ. ಡಾಂಗಲ್ ಬಿಸಿಯಾಗುತ್ತಾ ಆವರ್ತನ ಜಾರುತ್ತದೆ. ಕಾಲು ಗಂಟೆ ಮೊದಲೇ ಚಾಲೂ ಮಾಡಿಡಿ. ಸದ್ದು ಕುಗ್ಗಿದಾಗ ಆಂಟೆನಾವನ್ನು ಅದರ ಅಕ್ಷದ ಮೇಲೆ ಕಾಲು ಸುತ್ತು ತಿರುವಿ ನೋಡಿ, ಮೇಲೆ ಉಪಗ್ರಹ ಉರುಳುತ್ತಿರಬಹುದು.

ಇನ್ನು ಗುರುತು. ಹೊತ್ತು ಸರಿದಂತೆ ಸಿಗ್ನಲ್‌ಗಳ ಆವರ್ತನವನ್ನು ಚಿತ್ರಿಸುವ ವಾಟರ್‌ಫಾಲ್ ಪರದೆಯಲ್ಲಿ ನೆಟ್ಟಗೆ ಇಳಿಯುವ ಗೆರೆ ಎಲ್‌ಇಡಿ ಬಲ್ಬಿನದೋ ಚಾರ್ಜರಿನದೋ ಗಲಾಟೆ. ಉಪಗ್ರಹದ ಗೆರೆ ಹತ್ತು ನಿಮಿಷದಲ್ಲಿ ಎಸ್ ಆಕಾರಕ್ಕೆ ಬಾಗುತ್ತದೆ, ಡಾಪ್ಲರ್ ಪರಿಣಾಮ (ಹತ್ತಿರ ಬರುವಾಗ ಆವರ್ತನ ಏರಿ, ದೂರ ಹೋಗುವಾಗ ಇಳಿಯುವುದು)! ಮಕ್ಕಳಿಗೆ ಇದೇ ಲೆಕ್ಕ ಕೊಡಿ: 437 ಮೆಗಾಹರ್ಟ್ಸ್ ಸಿಗ್ನಲ್ ಆರಂಭದಲ್ಲಿ 10 ಕಿಲೋಹರ್ಟ್ಸ್ ಮೇಲಿದ್ದರೆ ವೇಗವೆಷ್ಟು? ಸೆಕೆಂಡಿಗೆ ಸುಮಾರು 6.9 ಕಿ.ಮೀ. ಬರುತ್ತದೆ. ನಿಜವಾದ ವೇಗ 7.6. ‘ಕಡಿಮೆ ಯಾಕೆ ಸರ್?’ ಎಂದು ಕೇಳೇ ಕೇಳುತ್ತಾರೆ: ದಿಗಂತದಲ್ಲೂ ಅದು ನೇರ ನಮ್ಮತ್ತ ಬರುತ್ತಿಲ್ಲ, ಓರೆಯಾಗಿ ಬರುತ್ತಿದೆ.